ಅಣ್ಣನ ಬೈಗುಳ ಕೇಳುವ ಕಿವಿ

ನಮ್ಮ ಮನೆಗೆ ಬಂದವರು ನನ್ನನ್ನೇನಾದರೂ ಕೇಳಬೇಕೆಂದರೆ ನಮ್ಮ ಅಮ್ಮನನ್ನು ಕೇಳುತ್ತಾರೆ. ನಾನು ಎದುರಿಗೇ ಕುರ್ಚಿಯಲ್ಲಿ ಕೂತಿರುತ್ತೇನೆ. ಅವರ ಕಣ್ಣು ನನ್ನ ತಲೆಯ ಮೇಲಿಂದ ಹಾದು ಅಡುಗೆಮನೆ ಬಾಗಿಲಲ್ಲಿ ನಿಂತ ಅಮ್ಮನನ್ನು ತಲುಪುತ್ತದೆ. ಊಟ ಮಾಡ್ತಾಳಾ, ನಿದ್ದೆ ಬತ್ತದಾ ಎಂದು ಅವರು ವಿಚಾರಿಸುವುದು, ಪಕ್ಕದೂರಿನಿಂದ ಕೊಂಡು ತಂದ ಸೀಮೆಹಸುವನ್ನು ವಿಚಾರಿಸುವ ಧಾಟಿಯಲ್ಲೇ. ಹಸುವಾದರೆ ಎಷ್ಟು ಹಾಲು ಕೊಡುತ್ತದೆ ಎಂದೂ ಕೇಳುತ್ತಾರೆ. ನನ್ನ ಬಗ್ಗೆ ಆ ಪ್ರಶ್ನೆಯೂ ಇಲ್ಲ.

ನಮ್ಮದು ಬಂಗಾರಪೇಟೆಯಿಂದ ಬೂದಿಕೋಟೆಗೆ ಹೋಗುವ ರಸ್ತೆಯಿಂದ ಸ್ವಲ್ಪ ಒಳಗೆ ಸರಿದಿರುವ ಹಳ್ಳಿ. ಮನೆಯಲ್ಲಿ ಅಮ್ಮ, ಅಣ್ಣ, ನಾನು, ಕೊಟ್ಟಿಗೆಯಲ್ಲಿ ಹಸುಗಳು. ಅಪ್ಪ ತೀರಿಕೊಂಡು ಬಹಳ ಕಾಲವಾಯಿತು. ಅಪ್ಪ ಅಮ್ಮನಿಗೆ ಸೋದರಮಾವನೇ ಆಗಬೇಕು. ನಮ್ಮ ಕಡೆ ಅಕ್ಕನ ಮಗಳನ್ನು ತಂದುಕೊಳ್ಳುವುದು ಜಮೀನು ಹೊರಗಿನವರ ಪಾಲಾಗದಿರಲಿ ಎಂದು. ಜಮೀನೇನೋ ಹೊರಗೆ ಹೋಗಲಿಲ್ಲ. ಇಬ್ಬರ ರಕ್ತದಲ್ಲೂ ಅರ್ಧರ್ಧ ಅಡಗಿದ್ದ ಕಾಯಿಲೆಯೂ ಹೊರಗೆ ಹೋಗಲಿಲ್ಲ. ಅದು ಅಣ್ಣನಿಗೂ ನನಗೂ ಪೂರ್ತಿಯಾಗಿ ಬಂತು ಎಂದು ಬೆಂಗಳೂರಿನ ನರರೋಗದ ಡಾಕ್ಟರು ಕಾಗದದ ಮೇಲೆ ಗೆರೆ ಎಳೆದು ತೋರಿಸಿದರು. ಆ ಚಿತ್ರ ನಮ್ಮ ವಂಶವೃಕ್ಷದಂತಿರದೆ ಹಗ್ಗದ ಗಂಟಿನಂತಿತ್ತು.

ಅದು ಹಿಂದಲೆಯಲ್ಲಿ ಮೈಯ ಹಿಡಿತ ಕಾಯುವ ಭಾಗವೂ ಬೆನ್ನಿನ ನರಗಳೂ ವರ್ಷದಿಂದ ವರ್ಷಕ್ಕೆ ಬತ್ತುತ್ತಾ ಹೋಗುವ ಕಾಯಿಲೆ. ಮೊದಲು ನಡಿಗೆ ತೂರಾಡುತ್ತದೆ. ಆಮೇಲೆ ಕೈ ನಡುಗುತ್ತದೆ, ನಾಲಿಗೆ ಎಳೆಯುತ್ತದೆ, ಕೆಲವರಿಗೆ ಗುಂಡಿಗೆಯೂ ಕೆಡುತ್ತದೆ. ಬುದ್ಧಿಗೆ ಮಾತ್ರ ಏನೂ ಆಗುವುದಿಲ್ಲ. ನಡೆಯುವುದನ್ನೆಲ್ಲ ಕೂತು ನೋಡಲಿ ಎಂದು ಅದೊಂದನ್ನು ಬಿಟ್ಟಿದೆ.

ಅಣ್ಣ ರಾಬರ್ಟ್‌ಸನ್‌ಪೇಟೆಯ ಒಂದು ಅಂಗಡಿಯಲ್ಲಿ ಸುಟ್ಟ ಪಂಪ್‌ಸೆಟ್ ಮೋಟರುಗಳಿಗೆ ತಂತಿ ಸುತ್ತುತ್ತಿದ್ದ. ಒಂದು ಬೆಳಿಗ್ಗೆ ಬಸ್ಸಿಳಿಯುವಾಗ ಬಿದ್ದ. ಬೆಳಿಗ್ಗೇನೇ ಏರಿಸಿಕೊಂಡು ಬಂದಿದ್ದಾನೆ ಎಂದು ಬಸ್ಸಿನಲ್ಲಿದ್ದವರು ಕನ್ನಡದಲ್ಲೂ ತಮಿಳಿನಲ್ಲೂ ತೆಲುಗಿನಲ್ಲೂ ಹೇಳಿಕೊಂಡರು. ಈ ಒಂದು ವಿಷಯದಲ್ಲಿ ನಮ್ಮ ಸೀಮೆಯ ಮೂರು ಭಾಷೆಗಳಿಗೂ ಭಿನ್ನಾಭಿಪ್ರಾಯವಿಲ್ಲ. ಅಣ್ಣ ಜೀವಮಾನದಲ್ಲಿ ಒಂದು ತೊಟ್ಟು ಮುಟ್ಟಿದವನಲ್ಲ. ಕುಡಿಯದೆಯೇ ಕುಡುಕನ ಹೆಸರು ಬರುವುದಾದರೆ ಕುಡಿಯದೆ ಉಳಿದದ್ದೇ ದಡ್ಡತನ ಎಂದು ಆಮೇಲೆ ಹೇಳುತ್ತಿದ್ದ. ಅವನ ಹಿಂದೆಯೇ, ಕೆಲವು ವರ್ಷ ತಡವಾಗಿ, ನನ್ನ ಕಾಲೂ ತೂರಾಡತೊಡಗಿತು. ಆಗ ನಾನು ಅದೇ ಪೇಟೆಯ ಡಿ.ಟಿ.ಪಿ. ಅಂಗಡಿಯಲ್ಲಿ ಲಗ್ನಪತ್ರಿಕೆ, ತಿಥಿ ಕಾರ್ಡು, ಕೋರ್ಟಿನ ಅರ್ಜಿಗಳನ್ನು ಟೈಪ್ ಮಾಡುತ್ತಿದ್ದೆ. ಹೆಂಗಸು ಕುಡಿದಿದ್ದಾಳೆ ಎನ್ನುವುದಕ್ಕೆ ಜನಕ್ಕೆ ಧೈರ್ಯ ಸಾಲಲಿಲ್ಲ. ಮೈಮೇಲೆ ಏನೋ ಬಂದಿದೆ ಎಂದರು.

ಕಿವಿ ಕೆಟ್ಟದ್ದು ಅದರ ನಂತರ. ಕೆಟ್ಟಿತು ಎನ್ನುವುದೂ ಸರಿಯಲ್ಲ. ಶಬ್ದ ಬರುತ್ತಿತ್ತು, ಮಾತು ಬರುತ್ತಿರಲಿಲ್ಲ. ರಾಗಿ ಮಿಲ್ಲಿನ ಬಾಗಿಲಲ್ಲಿ ನಿಂತು ಒಳಗಿನವರ ಮಾತಿಗೆ ಕಿವಿಗೊಟ್ಟ ಹಾಗೆ. ಯಾರೋ ಮಾತಾಡುತ್ತಿದ್ದಾರೆ ಎಂದು ಗೊತ್ತಾಗುತ್ತಿತ್ತು, ಏನು ಎಂದು ತಿಳಿಯುತ್ತಿರಲಿಲ್ಲ. ಕಿವಿ ಚೆನ್ನಾಗಿಯೇ ಇದೆ, ಅಲ್ಲಿಂದ ತಲೆಗೆ ಸುದ್ದಿ ಒಯ್ಯುವ ನರ ತಾಳ ತಪ್ಪಿದೆ ಎಂದರು. ಪೇಟೆಯ ಅಂಗಡಿಯಿಂದ ಕಿವಿಯ ಮಿಷಿನ್ ತಂದು ಹಾಕಿಕೊಂಡೆ. ಮಿಲ್ಲು ಜೋರಾಯಿತು, ಅಷ್ಟೆ.

ಅಣ್ಣನಿಗೂ ಹೀಗೇ ಆಗಿತ್ತು. ಅಲ್ಲಿಂದ ಮುಂದಿನ ಕೆಲವು ವರ್ಷ ನಾವಿಬ್ಬರೂ ಮೊಬೈಲಿನಲ್ಲಿ ಬದುಕಿದೆವು. ಜಗುಲಿಯ ಮೇಲೆ ಅಕ್ಕಪಕ್ಕ ಕೂತು ಒಬ್ಬರಿಗೊಬ್ಬರು ಟೈಪ್ ಮಾಡಿ ಕಳಿಸುತ್ತಿದ್ದೆವು. ಬಂದವರು ಎದುರಿಗೆ ಕೂತು ಅಯ್ಯೋ ಪಾಪ ಎಂದು ಬಾಯಿ ಚಪ್ಪರಿಸುವಾಗ ಅಣ್ಣನ ಮೆಸೇಜು ಬರುತ್ತಿತ್ತು: ಇವನ ಮೀಸೆ ನೋಡು, ಬಣ್ಣ ಒಂದೇ ಕಡೆ ಹತ್ತಿದೆ. ನಾನು ಉತ್ತರಿಸುತ್ತಿದ್ದೆ: ಹೆಂಡತಿ ಕೈಯಲ್ಲಿ ಹಚ್ಚಿಸಿಕೊಂಡಿದ್ದಾನೆ, ಅವಳಿಗೆ ಕಾಣುವ ಕಡೆ. ಬಂದವರು ನಾವು ನಗುವುದನ್ನು ನೋಡಿ ಇನ್ನಷ್ಟು ಮರುಗುತ್ತಿದ್ದರು, ತಲೆಗೂ ಏರಿದೆ ಎಂದು. ಅಷ್ಟು ಸಂತೋಷದ ದಿನಗಳು ನನ್ನ ಬಾಳಿನಲ್ಲಿ ಹೆಚ್ಚಿಲ್ಲ. ಇಡೀ ಊರನ್ನು ಇಬ್ಬರೇ ಸೇರಿ ತಿರಸ್ಕರಿಸುವುದರಲ್ಲಿ ಒಂದು ಸಂಸಾರದ ನೆಮ್ಮದಿ ಇದೆ.

ಕಾಕ್ಲಿಯರ್ ಇಂಪ್ಲಾಂಟಿನ ವಿಚಾರ ನಾನು ಮೊಬೈಲಿನಲ್ಲೇ ಓದಿದ್ದು. ಕಿವಿಯ ಹಿಂದೆ ಚರ್ಮದಡಿಗೆ ಒಂದು ಬಿಲ್ಲೆ ಇಟ್ಟು, ಅದರಿಂದ ಕೂದಲೆಳೆಯಂಥ ತಂತಿಯನ್ನು ಒಳಗಿವಿಯ ಶಂಖದೊಳಕ್ಕೆ ತೂರಿಸುತ್ತಾರೆ. ಹೊರಗಿನ ಯಂತ್ರ ಶಬ್ದ ಹಿಡಿದು ಕಳಿಸಿದರೆ ತಂತಿ ನರಕ್ಕೆ ನೇರವಾಗಿ ಕರೆಂಟು ಮುಟ್ಟಿಸುತ್ತದೆ. ಹುಟ್ಟುಗಿವುಡು ಮಕ್ಕಳಿಗೆ ಹಾಕುತ್ತಾರೆ. ನಮ್ಮಂಥವರಿಗೂ ಹಾಕುತ್ತಾರಾ ಎಂದು ಕೇಳಲು ಅಮ್ಮನ ಜೊತೆ ಬೆಂಗಳೂರಿನ ಒಂದು ದೊಡ್ಡ ಆಸ್ಪತ್ರೆಗೆ ಹೋದೆ. ಅಲ್ಲಿನ ಹಿರಿಯ ಡಾಕ್ಟರು ನನ್ನ ಫೈಲು ನೋಡಿದರು, ಅಮ್ಮನನ್ನು ನೋಡಿದರು, ಅಮ್ಮನೊಂದಿಗೆ ಮಾತಾಡಿದರು. ನನಗೆ ಬರೆದು ಕೊಡಿ ಎಂದು ಪೆನ್ನು ಚಾಚಿದ ಮೇಲೆ ಚೀಟಿಯಲ್ಲಿ ಬರೆದದ್ದು ಇಷ್ಟು: ಬೆಳೆಯುವ ಕಾಯಿಲೆ, ಪ್ರಯೋಜನವಿಲ್ಲ. ನಮ್ಮ ಮನೆಯಲ್ಲಿ ಬೆಳೆಯುತ್ತಿದ್ದದ್ದು ಅದೊಂದೇ, ಅದನ್ನು ಹೇಳುವುದಕ್ಕೆ ಅಷ್ಟು ದೂರದ ಡಾಕ್ಟರು ಬೇಕಿರಲಿಲ್ಲ. ಆ ಡಾಕ್ಟರ ತಲೆಯೂ ಬೆಳೆಯುವ ಮುಪ್ಪಿನಲ್ಲಿ ಬೆಳ್ಳಗಾಗಿತ್ತು. ಆದರೂ ಮೂಗಿನ ಮೇಲೆ ಕನ್ನಡಕ ಇಟ್ಟುಕೊಂಡಿದ್ದರು. ಹೇಗೂ ಒಂದು ದಿನ ಮುಚ್ಚುವ ಕಣ್ಣಿಗೆ ಕನ್ನಡಕ ಯಾಕೆ ಎಂದು ಅವರನ್ನು ಯಾರೂ ಕೇಳಿರಲಿಕ್ಕಿಲ್ಲ.

ಇನ್ನೊಂದು ಆಸ್ಪತ್ರೆಯಲ್ಲಿ ಸಿಕ್ಕಿದ ಡಾಕ್ಟರಮ್ಮ ಚಿಕ್ಕ ವಯಸ್ಸಿನವರು. ಅವರು ಕಂಪ್ಯೂಟರಿನ ಪರದೆಯನ್ನು ನನ್ನ ಕಡೆಗೆ ತಿರುಗಿಸಿ, ಕನ್ನಡದಲ್ಲಿ ತಪ್ಪು ತಪ್ಪಾಗಿ ಟೈಪ್ ಮಾಡಿ ನನ್ನನ್ನೇ ಕೇಳಿದರು. ನರವೇ ಕಾಯಿಲೆ ಬಿದ್ದಿರುವುದರಿಂದ ಎಷ್ಟು ಕೇಳಿಸುತ್ತದೆ ಎಂದು ಯಾರೂ ಹೇಳಲಾರರು, ಕೆಲವರಿಗೆ ಮಾತು ತಿಳಿಯುತ್ತದೆ, ಕೆಲವರಿಗೆ ಬರೀ ಸದ್ದು. ಮುಂದೆ ತಲೆಯ ಸ್ಕ್ಯಾನು ಮಾಡುವಾಗ ಒಳಗಿನ ಅಯಸ್ಕಾಂತ ತೊಂದರೆ ಕೊಡಬಹುದು. ಕಾಯಿಲೆ ನಿಲ್ಲುವುದಿಲ್ಲ. ಇಷ್ಟೂ ಹೇಳಿ, ನಿಮಗೆ ಯಾರ ಮಾತು ಕೇಳಬೇಕು ಎಂದು ಟೈಪ್ ಮಾಡಿದರು. ಯಾರ ಮಾತೂ ಕೇಳಬೇಕಿರಲಿಲ್ಲ, ನಿಜ ಹೇಳಬೇಕೆಂದರೆ. ನನ್ನ ಎದುರಿಗೇ ನನ್ನ ಬಗ್ಗೆ ಏನು ತೀರ್ಮಾನ ಮಾಡುತ್ತಾರೋ ಅದು ತಿಳಿದರೆ ಸಾಕು ಎಂದು ಬರೆದೆ. ಅವರು ಅಣ್ಣನನ್ನೂ ಒಮ್ಮೆ ಕರೆದುಕೊಂಡು ಬನ್ನಿ ಎಂದರು.

ಅಣ್ಣ ಬರಲೊಪ್ಪಲಿಲ್ಲ. ಅಷ್ಟರಲ್ಲಿ ಅವನು ಗಾಲಿಕುರ್ಚಿಗೆ ಬಂದಿದ್ದ. ನಡುಗುವ ಬೆರಳಿನಲ್ಲಿ ಬಹಳ ಹೊತ್ತು ತೆಗೆದುಕೊಂಡು ಟೈಪ್ ಮಾಡಿದ: ಈ ಜನದ ಮಾತು ಕೇಳೋಕೆ ತಲೆಗೆ ತೂತು ಕೊರೆಸ್ಕೊಂತೀಯಾ? ನಾನು ಹೌದು ಎಂದು ಕಳಿಸಿದೆ. ಅವನು ಮೊಬೈಲನ್ನು ತೊಡೆಯ ಮೇಲೆ ಬೋರಲು ಹಾಕಿ ಮುಖ ತಿರುಗಿಸಿದ. ಅವತ್ತಿನಿಂದ ನನಗೆ ಅವನ ಮೆಸೇಜು ಬರುವುದು ನಿಂತಿತು.

ಊರಿನವರಿಗೂ ನೆಂಟರಿಗೂ ನನ್ನ ಕಿವಿಯ ಮೇಲೆ ಇದ್ದಕ್ಕಿದ್ದಂತೆ ಆಸಕ್ತಿ ಹುಟ್ಟಿತು. ನಮ್ಮ ಸೋದರತ್ತೆ ಬಂದು, ಹೋಗುವ ಜೀವಕ್ಕೆ ಕಿವಿ ಯಾಕೆ ಎಂದು ಅಮ್ಮನನ್ನು ಕೇಳಿದರಂತೆ. ಯಾರೋ ಬೆಳ್ಳುಳ್ಳಿ ಕಾಯಿಸಿದ ಎಣ್ಣೆ ಕಳಿಸಿದರು. ಯಾರೋ ಬೇಲಿಯಾಚೆಯಿಂದಲೇ ತಲೆ ತೆರೆದರೆ ಇರುವ ಬುದ್ಧಿಯೂ ಸೋರಿಹೋಗುತ್ತದೆ ಎಂದು ಎಚ್ಚರಿಸಿದರು. ಅವರವರಿಗೆ ಅದು ಯಾವ ಆಪರೇಷನ್ನೂ ಇಲ್ಲದೆ ಸೋರಿಹೋಗಿದ್ದರಿಂದ ಆ ಭಯ ಸಹಜವೇ. ಖರ್ಚಿನ ಕಥೆ ಇಲ್ಲಿ ಬರೆಯುವುದಿಲ್ಲ. ರಾಬರ್ಟ್‌ಸನ್‌ಪೇಟೆಯ ಒಂದು ಸೇವಾ ಸಂಘದವರು ಒಂದು ಪಾಲು ಕೊಟ್ಟರು ಎಂದಷ್ಟೇ ಹೇಳಬೇಕು, ಯಾಕೆಂದರೆ ಅವರು ಅದನ್ನು ಮರೆಯಲು ಬಿಡಲಿಲ್ಲ.

ಆಪರೇಷನ್ನಿಗೆ ಮುಂಚೆ ಗುಂಡಿಗೆಯ ಪರೀಕ್ಷೆ ಮಾಡಿದರು, ನನ್ನದು ತಡೆದುಕೊಳ್ಳುತ್ತದೆ ಎಂದರು. ಬಲಗಿವಿಯ ಹಿಂದೆ ಒಂದು ಅಂಗೈಯಷ್ಟು ಕೂದಲು ಬೋಳಿಸಿದರು. ಎದ್ದ ಮೇಲೆ ಕೆಲವು ವಾರ ಮಂಚವೇ ತಿರುಗುತ್ತಿತ್ತು. ಮೊದಲೇ ನೆಟ್ಟಗೆ ನಿಲ್ಲಲಾರದವಳು ಈಗ ಗೋಡೆ ಹಿಡಿದು ಕೂರುವಂತಾದೆ. ಗಾಯ ಮಾಗಿದ ಮೇಲೆ ಡಾಕ್ಟರಮ್ಮ ಹೊರಗಿನ ಯಂತ್ರವನ್ನು ಕಿವಿಗೆ ಸಿಕ್ಕಿಸಿ, ಅಯಸ್ಕಾಂತದ ಬಿಲ್ಲೆಯನ್ನು ತಲೆಗೆ ಅಂಟಿಸಿ, ಕರೆಂಟು ಹಾಕಿದರು. ತಗಡಿನ ಡಬ್ಬಿಯೊಳಗೆ ಯಾರೋ ಜಲ್ಲಿ ಕುಲುಕಿದ ಹಾಗಾಯಿತು. ಆ ಜಲ್ಲಿಯೇ ಡಾಕ್ಟರಮ್ಮನ ದನಿ. ಅಮ್ಮ ಅಳುತ್ತಾ ಏನೋ ಹೇಳಿದಳು, ಅದು ಸಣ್ಣ ಜಲ್ಲಿ. ಟಿ.ವಿ.ಯಲ್ಲಿ ತೋರಿಸುವ ಹಾಗೆ ನಾನು ಕಣ್ಣರಳಿಸಿ ನಗಲಿಲ್ಲ. ಇದನ್ನು ಆರಿಸುವುದು ಹೇಗೆ ಎಂದು ಕೇಳಿದೆ.

ಮನೆಗೆ ಬಂದ ಮೇಲೆ ಪರೀಕ್ಷಕರು ಶುರುವಾದರು. ಹೊಸ ಮಿಕ್ಸಿ ತಂದ ಮನೆಗೆ ನೋಡಲು ಬರುವ ಹಾಗೆ ಬಂದರು. ಒಬ್ಬ ನನ್ನ ಬೆನ್ನ ಹಿಂದೆ ಚಪ್ಪಾಳೆ ತಟ್ಟಿದ. ಒಬ್ಬಳು ಸ್ಟೀಲ್ ತಟ್ಟೆ ಬೀಳಿಸಿ ನನ್ನ ಮುಖ ನೋಡಿದಳು. ಡೈರಿಯ ಹುಡುಗ ಇದರಲ್ಲಿ ಎಫ್.ಎಂ. ಬರುತ್ತದಾ ಎಂದು ಅಮ್ಮನನ್ನು ಕೇಳಿದನಂತೆ, ಪಕ್ಕದಲ್ಲೇ ಇದ್ದ ನನ್ನನ್ನಲ್ಲ. ತಟ್ಟೆ ಬಿದ್ದಾಗ ಬೆಚ್ಚಿದ್ದನ್ನು ಕಂಡು ಕಿವಿ ಬಂತು ಕಿವಿ ಬಂತು ಎಂದರಂತೆ. ಆಮೇಲೆ ಎಲ್ಲರೂ ಒಟ್ಟಿಗೆ ಮಾತಾಡಿದ್ದು ತಿಳಿಯದೆ ಸುಮ್ಮನಿದ್ದುದಕ್ಕೆ ಇಲ್ಲ ಬಂದಿಲ್ಲ ಎಂದರಂತೆ. ನನ್ನ ಕಿವಿ ಒಂದು ಮಧ್ಯಾಹ್ನದಲ್ಲಿ ಹೀಗೆ ಎಷ್ಟೋ ಸಲ ಬಂದು ಹೋಯಿತು.

ಮನೆಯಲ್ಲಿ ಅಭ್ಯಾಸ ಮಾಡಬೇಕೆಂದು ಡಾಕ್ಟರಮ್ಮ ಹೇಳಿದ್ದರು. ಯಾರಾದರೂ ಬಾಯಿ ಕಾಣದಂತೆ ಮರೆ ಮಾಡಿಕೊಂಡು ಒಂದೊಂದೇ ಪದ ಹೇಳಬೇಕು, ನಾನು ಅದನ್ನು ತಿರುಗಿ ಹೇಳಬೇಕು. ಅಮ್ಮ ಮೊರವನ್ನು ಮುಖಕ್ಕೆ ಅಡ್ಡ ಹಿಡಿದು ಕೂರುತ್ತಿದ್ದಳು. ಆದರೆ ಅಮ್ಮನ ಮಾತು ಕನ್ನಡದಲ್ಲಿ ಹೊರಟು ತೆಲುಗಿನಲ್ಲಿ ಮುಟ್ಟುತ್ತದೆ, ನಡುವೆ ಉಸಿರಾಡುವುದಿಲ್ಲ. ನೀರು ಎಂದು ಶುರು ಮಾಡಿ ನೀಳ್ಳು ಎಂದು ಮುಗಿಸುತ್ತಿದ್ದಳು. ಮೊರದ ಹಿಂದಿನಿಂದ ನನಗೆ ಕೇಳಿಸುತ್ತಿದ್ದದ್ದು ಕಾಳು ಕೇರುವ ಸದ್ದು ಮಾತ್ರ. ಸ್ವಲ್ಪ ದಿನ ನೋಡಿ ಅಮ್ಮ ಮೊರವನ್ನು ಮೊರದ ಕೆಲಸಕ್ಕೆ ಹಚ್ಚಿದಳು. ಅಣ್ಣ ಇದನ್ನೆಲ್ಲ ತನ್ನ ಕುರ್ಚಿಯಿಂದ ನೋಡುತ್ತಿದ್ದ. ಅವನ ಮುಖದಲ್ಲಿ ಇದ್ದದ್ದನ್ನು ಓದಲು ನನಗೆ ಮೊಬೈಲು ಬೇಕಿರಲಿಲ್ಲ.

ಅವನ ಕಷ್ಟ ಆಗ ಬೇರೆ ಥರ ಬಿಗಿಯುತ್ತಿತ್ತು. ಬೆರಳು ಎಷ್ಟು ನಡುಗುತ್ತಿತ್ತೆಂದರೆ ಟೈಪ್ ಮಾಡುವುದು ಆಗುತ್ತಿರಲಿಲ್ಲ. ಮಾತಾಡಿದರೆ ಬರೆದುಕೊಳ್ಳುವ ಸೌಕರ್ಯ ಮೊಬೈಲಿನಲ್ಲಿದೆಯಲ್ಲ, ಅದಕ್ಕೆ ಅವನ ನಾಲಿಗೆ ತಿಳಿಯುತ್ತಿರಲಿಲ್ಲ. ನೀರು ಕೊಡು ಎಂದರೆ ನೂರು ಕೋಡು ಎಂದು ಬರೆಯುತ್ತಿತ್ತು. ಅಮ್ಮನಿಗೂ ಅವನ ಮಾತು ಅರ್ಧಕ್ಕರ್ಧ ಅಂದಾಜೇ. ಬಾಯಿಬಿಟ್ಟು ಒಂದು ಪದ ಇಡುತ್ತಾನೆ, ಉಸಿರೆಳೆಯುತ್ತಾನೆ, ಇನ್ನೊಂದು ಪದ ಇಡುತ್ತಾನೆ, ಗೋಡೆ ಕಟ್ಟುವವನು ಇಟ್ಟಿಗೆ ಇಟ್ಟ ಹಾಗೆ. ಇಟ್ಟಿಗೆ ಮುಗಿಯುವವರೆಗೆ ಕಾಯುವ ಪುರುಸೊತ್ತು ಯಾರಿಗೂ ಇಲ್ಲ. ಎರಡನೇ ಪದಕ್ಕೇ ಆಯ್ತು ಆಯ್ತು ಎಂದುಬಿಡುತ್ತಾರೆ.

ಒಂದು ಬೆಳಿಗ್ಗೆ ಅಮ್ಮ ಡೈರಿಗೆ ಹಾಲು ಹಾಕಲು ಹೋಗಿದ್ದಳು. ನಾನು ಒಳಗೆ ವಾಕರಿಗೆ ಒರಗಿ ನಿಂತು ಹುರುಳಿಕಾಯಿ ಬಿಡಿಸುತ್ತಿದ್ದೆ, ಜಗುಲಿಗೆ ಬೆನ್ನು ಹಾಕಿ. ಹೊರಗಿನಿಂದ ಸದ್ದು ಬಂತು. ಜಲ್ಲಿಯಲ್ಲ, ಮಾತು.

"ಅಸ. ರಾಗಿ. ತಿಂತಾ. ಐತೆ. ಕಿವುಡಿ."

ಒಂದೊಂದು ಪದವೂ ಬೇರೆಬೇರೆಯಾಗಿ ಬಂದು ನನ್ನ ತಲೆಯಲ್ಲಿ ಕೂತುಕೊಂಡಿತು. ನಾನು ಅಂದಾಜು ಮಾಡಲಿಲ್ಲ, ಬಾಯಿ ನೋಡಲಿಲ್ಲ. ವಾಕರ್ ತಳ್ಳಿಕೊಂಡು ಹೊರಗೆ ಬಂದರೆ ಹಗ್ಗ ಬಿಚ್ಚಿಕೊಂಡ ಹಸು ಒಣಗಲು ಹರಡಿದ್ದ ರಾಗಿಗೆ ಬಾಯಿ ಹಾಕಿತ್ತು. ಅದನ್ನು ಅಟ್ಟಿ ಅಣ್ಣನ ಕಡೆ ತಿರುಗಿ, ಕಿವುಡಿ ಅಂದಿದ್ದೂ ಕೇಳಿಸಿತು ಎಂದೆ. ಅವನಿಗೆ ಅದು ಕೇಳಿಸಲಿಲ್ಲ. ಕಿವಿಯ ಕಡೆ ಬೆರಳು ತೋರಿಸಿ, ಕೈಸನ್ನೆಯಲ್ಲಿ ಅವನು ಬೈದದ್ದನ್ನು ಅವನಿಗೇ ಆಡಿ ತೋರಿಸಿದೆ. ಅವನು ನಂಬಲಿಲ್ಲ. ನನ್ನನ್ನು ಗೋಡೆಯ ಕಡೆ ತಿರುಗಿ ನಿಲ್ಲು ಎಂದು ಸನ್ನೆ ಮಾಡಿದ. ಆಮೇಲೆ ಬೈಯತೊಡಗಿದ. ಕತ್ತೆ ಎಂದ, ಕೋಡಂಗಿ ಎಂದ, ತಲೆಗೆ ತೂತು ಹೊಡೆಸಿಕೊಂಡವಳು ಎಂದ. ಇನ್ನು ಕೆಲವನ್ನು ಇಲ್ಲಿ ಬರೆಯುವ ಹಾಗಿಲ್ಲ. ನಾನು ಒಂದೊಂದನ್ನೂ ಅವನ ಮೊಬೈಲಿಗೆ ಟೈಪ್ ಮಾಡಿ ಕಳಿಸಿದೆ. ಪರದೆ ನೋಡುತ್ತಾ ನೋಡುತ್ತಾ ಅವನ ಮುಖ ಬದಲಾಯಿತು. ಕೊನೆಗೆ ಅವನು ಬೈಯಲಿಲ್ಲ. ಸುಮ್ಮನೆ, ಚಿಕ್ಕಂದಿನಲ್ಲಿ ನನ್ನನ್ನು ಕೂಗುತ್ತಿದ್ದ ಹೆಸರನ್ನು ಹೇಳಿದ. ಅದನ್ನೂ ಬರೆದು ಕಳಿಸಿದೆ.

ಮುಂದಿನ ಸಲ ಬೆಂಗಳೂರಿಗೆ ಹೋದಾಗ ಡಾಕ್ಟರಮ್ಮ ಇದರಲ್ಲಿ ಆಶ್ಚರ್ಯವಿಲ್ಲ ಎಂದರು. ನನ್ನ ನರ ಒಂದು ಸದ್ದಿನಿಂದ ಇನ್ನೊಂದಕ್ಕೆ ಓಡಲಾರದು, ನಡುವೆ ಬಿಡುವು ಬೇಕು. ಅಣ್ಣನ ಕಾಯಿಲೆಯ ನಾಲಿಗೆ ಆ ಬಿಡುವು ಕೊಡುತ್ತದೆ. ಅವನ ದನಿಯ ಪರಿಚಯವೂ ಹಳೆಯದು. ನನಗೆ ನಗು ಬಂತು. ಊರಿನಲ್ಲಿ ಗಟ್ಟಿಮುಟ್ಟಾದ ನಾಲಿಗೆಗಳು ಬೇಕಾದಷ್ಟಿವೆ, ಒಂದೂ ಪ್ರಯೋಜನಕ್ಕೆ ಬರಲಿಲ್ಲ. ಆಮೇಲೆ ಅಣ್ಣನ ಬೈಗುಳವೇ ನನ್ನ ಪಾಠವಾಯಿತು. ಬೆಳಿಗ್ಗೆ ಸಂಜೆ ಬೈದ. ಕ್ರಮೇಣ ಅಮ್ಮನ ಮಾತೂ, ಮನೆಯೊಳಗೆ ಒಬ್ಬಳೇ ಇದ್ದು ತಡೆದು ಮಾತಾಡಿದರೆ, ಮುಕ್ಕಾಲು ತಿಳಿಯತೊಡಗಿತು. ಬಸ್ಸಿನಲ್ಲಿ, ಮದುವೆ ಮನೆಯಲ್ಲಿ ಇವತ್ತಿಗೂ ಏನೂ ತಿಳಿಯುವುದಿಲ್ಲ. ಮದುವೆ ಮನೆಯಲ್ಲಿ ತಿಳಿಯದಿರುವುದರಿಂದ ನಷ್ಟವೂ ಇಲ್ಲ.

ಹೀಗೆ ನಾನು ಅಣ್ಣನ ಬಾಯಿಯಾದೆ. ಬಂದವರು ಅವನಿಗೇನಾದರೂ ಹೇಳಿದರೆ ನಿಧಾನವಾಗಿ ಹೇಳಿಸಿಕೊಂಡು ಅವನ ಮೊಬೈಲಿಗೆ ಹಾಕುತ್ತಿದ್ದೆ, ಅವನು ಹೇಳಿದ್ದನ್ನು ಬಾಯಲ್ಲಿ ಬಂದವರಿಗೆ ಹೇಳುತ್ತಿದ್ದೆ. ಒಮ್ಮೆ ಅಪ್ಪನ ಕಡೆಯ ಒಬ್ಬ ನೆಂಟ ಬಂದು, ಎಲ್ಲ ಹೋದ ಜನ್ಮದ ಕರ್ಮ ಎಂದು ಉಪದೇಶ ಮಾಡಿದ. ಅಣ್ಣ ಇಟ್ಟಿಗೆ ಇಟ್ಟ: "ಈ ಜನ್ಮದಾಗೆ ಇವ್ನು ಮಾಡಿದ್ದೇ ಇವ್ನಿಗೆ ಕಾಣಾಕಿಲ್ಲ, ನಮ್ದು ಓದ್ ಜನ್ಮದ್ದು ಕಾಣ್ತದಾ ಕೇಳು." ನಾನು ನೆಂಟನಿಗೆ, ಕಾಫಿ ಕುಡೀತೀರಾ ಅಂತ ಕೇಳ್ತಾವ್ನೆ ಎಂದೆ. ನೆಂಟ ಪ್ರಸನ್ನನಾಗಿ ನಕ್ಕ. ಅಣ್ಣ ಅವನ ಮುಖವನ್ನೂ ನನ್ನ ಮುಖವನ್ನೂ ನೋಡಿದ. ನೆಂಟ ಹೋದ ಮೇಲೆ ಹೇಳಿದ:

"ನಾ ಬೈದ್ರೆ ಅವ್ನು ನಗ್ತಾವ್ನೆ. ನನ್ ಮಾತ ನೀ ನುಂಗ್ತಾ ಇದ್ದೀಯ. ಇದಕ್ಕೆ ಆ ಊರೋರೇ ವಾಸಿ. ಅವ್ರಿಗೆ ತಿಳೀತಿರ್ಲಿಲ್ಲ ಅಷ್ಟೆ."

ಅವನು ಹೇಳಿದ್ದು ಸರಿಯಾಗಿತ್ತು. ಇನ್ನು ಮೇಲೆ ಇದ್ದದ್ದನ್ನು ಇದ್ದ ಹಾಗೆ ಹೇಳುತ್ತೇನೆ ಎಂದು ಟೈಪ್ ಮಾಡಿದೆ. ಆ ಮಾತಿಗೆ ಮೊದಲ ಅವಕಾಶ ಸೇವಾ ಸಂಘದವರೇ ಒದಗಿಸಿಕೊಟ್ಟರು.

ಅವರಿಗೆ ನನ್ನನ್ನು ಸನ್ಮಾನಿಸಬೇಕಿತ್ತು. ಕೇಳಿಸಿಕೊಂಡದ್ದಕ್ಕೆ ಸನ್ಮಾನ. ರಾಬರ್ಟ್‌ಸನ್‌ಪೇಟೆಯ ಒಂದು ಸಭಾಂಗಣದಲ್ಲಿ ಕಾರ್ಯಕ್ರಮ, ಬರಲೇಬೇಕು ಎಂದರು. ಅಣ್ಣ ತಾನೂ ಬರುತ್ತೇನೆ ಎಂದು ಹಟ ಹಿಡಿದ. ಊರಿನ ಆಟೋದವನು ಅವನನ್ನು ಎತ್ತಿ ಕೂರಿಸಿ, ಕುರ್ಚಿ ಮಡಚಿ ಹಿಂದೆ ಕಟ್ಟಿ, ಮೂವರನ್ನೂ ಕರೆದುಕೊಂಡು ಹೋದ. ವೇದಿಕೆಯ ಮೇಲೆ ನನ್ನ ಕುರ್ಚಿ, ಪಕ್ಕದಲ್ಲಿ ಅಣ್ಣನ ಗಾಲಿಕುರ್ಚಿ. ಎರಡು ಕಡೆಯೂ ಆಳೆತ್ತರದ ಸ್ಪೀಕರುಗಳು. ಪ್ರಾರ್ಥನೆ ಶುರುವಾದೊಡನೆ ನನ್ನ ತಲೆಯೊಳಗೆ ಕಲ್ಲು ಕ್ವಾರಿ ಶುರುವಾಯಿತು. ಒಂದು ಗಂಟೆಗೂ ಮೀರಿ ಭಾಷಣಗಳಾದವು. ಯಂತ್ರ ಆರಿಸಿ ಕೂತಿರಬಹುದಿತ್ತು. ಆದರೆ ಅದರ ಸಣ್ಣ ದೀಪ ಆರಿದ್ದು ಮುಂದಿನ ಸಾಲಿನವರಿಗೆ ಕಂಡರೆ ಎಂದು ಅಂಜಿದೆ. ಶಾಲು ಹೊದಿಸಿದರು, ಪೇಟ ಇಟ್ಟರು. ಪೇಟ ಅಯಸ್ಕಾಂತದ ಬಿಲ್ಲೆಯನ್ನು ಕೆಡವಿತು. ಅದನ್ನು ಯಾರೋ ಹಣ್ಣಿನ ಬುಟ್ಟಿಯೊಳಗಿಂದ ಹುಡುಕಿ ಕೊಟ್ಟರು.

ಅಧ್ಯಕ್ಷರು ಮೈಕು ಹಿಡಿದು ನನ್ನ ಕಡೆ ಬಾಗಿ ಏನೋ ಕೇಳಿದರು. ಸಭೆ ಸುಮ್ಮನಾಯಿತು. ನನಗೆ ತಿಳಿಯಲಿಲ್ಲ. ಅವರು ಇನ್ನೂ ಜೋರಾಗಿ ಕೇಳಿದರು. ಕೇಳಿಸ್ತಾ ಐತಾ ಎಂದು ಕೇಳುತ್ತಿದ್ದರಂತೆ, ಅಮ್ಮ ಆಮೇಲೆ ಹೇಳಿದಳು. ಮೂರನೇ ಸಲ ಅವರ ಕತ್ತಿನ ನರ ಉಬ್ಬಿದ್ದು ಕಂಡಿತು. ಆ ಮೌನದಲ್ಲಿ ಪಕ್ಕದಿಂದ ಅಣ್ಣನ ದನಿ ನಿಧಾನವಾಗಿ ಬಂತು.

"ಮೈಕ್ ಆರಿಸು ಅನ್ನು. ಬಡ್ಕೊಂಡ್ರೆ ಯಾರ್ಗೂ ಕೇಳಾಕಿಲ್ಲ. ನನ್ನಂಗೆ ಮಾತಾಡೋದು ಕಲ್ತ್ಕೊಂಡು ಬಾ ಅನ್ನು."

ಅಧ್ಯಕ್ಷರು ಅಣ್ಣನನ್ನು ತೋರಿಸಿ ನನ್ನ ಕಡೆ ಹುಬ್ಬೆತ್ತಿದರು, ಏನಂದರು ಎಂದು. ಮೈಕನ್ನು ನನ್ನ ಬಾಯಿಗೆ ಹಿಡಿದರು. ನಾನು ಕೊಟ್ಟ ಮಾತು ಉಳಿಸಿಕೊಂಡೆ. ಒಂದು ಪದವನ್ನೂ ಬಿಡದೆ, ಮೆತ್ತಗೆ ಮಾಡದೆ, ಅಣ್ಣ ಹೇಳಿದ್ದನ್ನು ಹೇಳಿದೆ. ಹೇಳಿ ಮುಗಿಸಿ ಏನಾಗುತ್ತದೋ ಎಂದು ಸಭೆಯ ಕಡೆ ನೋಡಿದೆ.

ಚಪ್ಪಾಳೆ ತಟ್ಟಿದರು. ಮುಂದಿನ ಸಾಲಿನ ಹೆಂಗಸೊಬ್ಬಳು ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. ಅಧ್ಯಕ್ಷರು ಎದೆಯ ಮೇಲೆ ಕೈಯಿಟ್ಟು ನನಗೆ ತಲೆಬಾಗಿದರು. ನನಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಕಿವಿಯ ಸಡಗರದಲ್ಲಿ ನಾನು ಗಮನಿಸಿರಲಿಲ್ಲ, ನನ್ನ ನಾಲಿಗೆಯೂ ಅಷ್ಟರಲ್ಲಿ ಅಣ್ಣನ ದಾರಿ ಹಿಡಿದಿತ್ತು. ಮನೆಯಲ್ಲಿ ಅಮ್ಮ ಅಭ್ಯಾಸಬಲದಿಂದ ತಿಳಿದುಕೊಳ್ಳುತ್ತಿದ್ದಳು. ಇಲ್ಲಿ ಒಬ್ಬರಿಗೂ ಒಂದು ಪದ ತಿಳಿದಿರಲಿಲ್ಲ. ಧನ್ಯವಾದ ಹೇಳಿದ್ದಾಳೆ ಎಂದುಕೊಂಡಿದ್ದರು. ಕಿವಿ ಕೊಡಿಸಿದವರಿಗೆ ಬೇರೇನು ಹೇಳಲು ಸಾಧ್ಯ?

ಅಣ್ಣನಿಗೆ ಚಪ್ಪಾಳೆ ಕಂಡಿತು. ಮತ್ತೆ ನುಂಗಿದ್ದೀಯ ಎಂಬಂತೆ ನನ್ನನ್ನು ದುರುಗುಟ್ಟಿ ನೋಡಿದ. ಆಟೋದಲ್ಲಿ ಕೂತ ಮೇಲೆ ನಡೆದದ್ದನ್ನು ಟೈಪ್ ಮಾಡಿ ತೋರಿಸಿದೆ. ಅವನು ಓದಿದ, ಮತ್ತೆ ಓದಿದ, ನಗಲು ಶುರು ಮಾಡಿದ. ನಗು ಗಂಟಲಿಗೆ ಸಿಕ್ಕಿ ಕೆಮ್ಮು ಹತ್ತಿ ಅಮ್ಮ ಬೆನ್ನು ತಟ್ಟಬೇಕಾಯಿತು. ನಾನು ನಗಲಿಲ್ಲ. ಶಾಲಿನ ಜರಿ ಕುತ್ತಿಗೆಗೆ ಚುಚ್ಚುತ್ತಿತ್ತು. ಕೇಳುವುದು ಬರುವ ಹೊತ್ತಿಗೆ ಹೇಳುವುದು ಹೋಗುತ್ತಿದೆ ಎಂದು ಮೊದಲ ಸಲ ತಿಳಿದದ್ದು ನನಗೆ ಅವತ್ತೇ, ನೂರು ಜನ ಕೈ ತಟ್ಟುತ್ತಿದ್ದಾಗ.

ಅದಾದ ಮೇಲೆ ಒಂದು ದಿನ ಅಣ್ಣ, ಮುಂದಿನ ಸಲ ಬೆಂಗಳೂರಿಗೆ ತಾನೂ ಬರುತ್ತೇನೆ ಎಂದ. ಯಾಕೆಂದೂ ಅವನೇ ಹೇಳಿದ: ನಿನ್ನ ಮಾತು ಬೇರೆ ಯಾರಿಗೂ ತಿಳಿಯದ ಕಾಲ ಬರುತ್ತದೆ, ಒಬ್ಬನಿಗಾದರೂ ತಿಳಿಯಲಿ. ಇದನ್ನು ಅವನು ಪ್ರೀತಿಯಿಂದ ಹೇಳಿದನೆಂದು ಯಾರೂ ತಿಳಿಯಬೇಡಿ. ಗೊಬ್ಬರದ ಗುಂಡಿ ನಾನೇ ತೆಗೆಯಬೇಕಾ ಎನ್ನುವವನ ದನಿಯಲ್ಲಿ ಹೇಳಿದ.

ಡಾಕ್ಟರಮ್ಮ ಅವನ ಕಿವಿ ಪರೀಕ್ಷೆ ಮಾಡಿಸಿದರು, ಆಮೇಲೆ ಗುಂಡಿಗೆಯ ಪರೀಕ್ಷೆ. ರಿಪೋರ್ಟು ನೋಡಿ ಪರದೆಯನ್ನು ಅವನ ಕಡೆ ತಿರುಗಿಸಿದರು. ಗುಂಡಿಗೆಯ ಗೋಡೆ ದಪ್ಪವಾಗಿದೆ, ಬಡಿತ ತಪ್ಪುತ್ತಿದೆ, ಆಪರೇಷನ್ನಿಗೆ ಮಂಪರು ಕೊಡುವುದು ಅಪಾಯ, ನಾನು ಮಾಡಲಾರೆ ಎಂದು ಬರೆದಿದ್ದರು. ಅಣ್ಣ ಓದಿ ತಲೆಯಾಡಿಸಿದ. ಗುಂಡಿಗೆಗೆ ಬೇಕಾದ ಮಾತ್ರೆ ಬರೆದುಕೊಟ್ಟರು. ನನ್ನ ಯಂತ್ರದ ಹದ ಸರಿ ಮಾಡಿದರು. ಬಾಗಿಲವರೆಗೂ ಬಂದು ಅವನ ಕುರ್ಚಿಯನ್ನು ಅವರೇ ಹೊಸ್ತಿಲು ದಾಟಿಸಿದರು. ಈ ಕಥೆಯಲ್ಲಿ ನನಗೆ ತಿರಸ್ಕರಿಸಲು ಆಗದೆ ಉಳಿದವರು ಅವರೊಬ್ಬರು.

ಮಾರಿಕುಪ್ಪಂ ಪ್ಯಾಸೆಂಜರಿನಲ್ಲಿ ವಾಪಸು ಹೊರಟೆವು. ರೈಲು ಓಡುವಾಗ ನನಗೆ ಅಣ್ಣನ ಮಾತೂ ಕೇಳಿಸುವುದಿಲ್ಲ. ಅವನು ಅದನ್ನು ಬೇಗ ಕಂಡುಕೊಂಡ, ರೈಲು ನಿಂತಾಗ ಮಾತ್ರ ಬಾಯಿ ತೆರೆದ. ವೈಟ್‌ಫೀಲ್ಡಿನಲ್ಲಿ ಜನ ನುಗ್ಗಿದ್ದರಿಂದ ಸುಮ್ಮನಿದ್ದ. ಮಾಲೂರಿನಲ್ಲಿ ಟೀ ಬೇಕು ಎಂದ. ಟೀ ಬರುವಷ್ಟರಲ್ಲಿ ರೈಲು ಹೊರಟಿತು, ಅಮ್ಮ ಕಿಟಕಿಯಿಂದ ಚಾಚಿದ ಕೈಯನ್ನು ಖಾಲಿಯೇ ಒಳಗೆಳೆದುಕೊಂಡಳು. ಟೇಕಲ್ಲಿನಲ್ಲಿ ನಿಂತಾಗ ನನ್ನ ಕಡೆ ನೋಡದೆ ಹೇಳಿದ:

"ಅವತ್ತೇ ನಿನ್ ಜೊತೆ ಬಂದಿದ್ರೆ?"

ಸಿಗ್ನಲ್ಲಿಗೋ ಏನೋ, ರೈಲು ಆ ನಿಲ್ದಾಣದಲ್ಲಿ ಎಂದಿಗಿಂತ ಹೆಚ್ಚು ಹೊತ್ತು ನಿಂತಿತ್ತು. ನನಗೆ ಉತ್ತರಕ್ಕೆ ಬೇಕಾದಷ್ಟು ಸಮಯವಿತ್ತು. ಅವತ್ತೂ ಗುಂಡಿಗೆ ಹೀಗೇ ಇದ್ದಿರಬಹುದು ಎಂದು ಬರೆಯಬಹುದಿತ್ತು. ಇಲ್ಲದಿರಲೂಬಹುದು. ಮೊಬೈಲಿನಲ್ಲಿ ಗೊತ್ತಿಲ್ಲ ಎಂದು ದಪ್ಪಕ್ಷರದಲ್ಲಿ ಬರೆದು ಹಿಡಿದೆ. ಅವನು ಓದಿ, ಹೂಂ ಎಂದ. ಆಮೇಲೆ ಎದುರಿನ ಸೀಟಿನಲ್ಲಿ ನಮ್ಮನ್ನೇ ನೋಡುತ್ತಾ ಕೂತಿದ್ದ ದಪ್ಪ ಮನುಷ್ಯನ ಬಗ್ಗೆ ಒಂದು ಮಾತು ಹೇಳಿದ. ಬಹಳ ಕೆಟ್ಟ ಮಾತು. ಆ ಮನುಷ್ಯ ಏನಂದ್ರು ಎಂದು ಅಮ್ಮನನ್ನು ಕೇಳಿದ. ಅಮ್ಮ ನನ್ನನ್ನು ನೋಡಿದಳು. ರೈಲು ಹೊರಟಿತು.

ಬಂಗಾರಪೇಟೆಯಲ್ಲಿ ಊರಿನ ಆಟೋದವನು ಪ್ಲಾಟ್‌ಫಾರಮಿಗೇ ಬಂದಿದ್ದ. ಅಣ್ಣನ ಕಂಕುಳಿಗೆ ಕೈ ಹಾಕಿ ಎತ್ತುವಾಗ ಎಡಗೈಯನ್ನು ತಿರುಚಿ ಹಿಡಿದ. ಎಡಗೈ ಬಿಡು ಎಂದು ಅಣ್ಣ ಅವನ ಅಪ್ಪನನ್ನೂ ಅಜ್ಜನನ್ನೂ ಸೇರಿಸಿ ಬೈದ. ನಾನು ಅದನ್ನು ಪೂರ್ತಿಯಾಗಿ, ಒಂದೊಂದೇ ಪದವಾಗಿ, ತಡೆದು ತಡೆದು ಹೇಳಿದೆ. ಆಟೋದವನು ನಿಂತು ಕೊನೆಯವರೆಗೂ ಕೇಳಿಸಿಕೊಂಡ. "ಎಡಗೈ ನೋಯ್ತದಾ? ಮೊದ್ಲೇ ಯೋಳ್ಬಾರ್ದಾ ಅಣ್ಣಾ" ಎಂದು ಹಿಡಿತ ಬದಲಿಸಿದ.